ಹಳೇ ರೀಲೋಡಿಂಗ್ ತಕ್ಕಡಿ: ಮುಳ್ಳು ಸೊನ್ನೆಗೆ ವಾಪಸ್ ಬರುತ್ತಿಲ್ಲ

ಗುಲಗಂಜಿ:
ನಮಸ್ಕಾರ. ತಕ್ಕಡಿ ಆರ್‌ಸಿಬಿಎಸ್ 5-0-5, ಓಹಾಸ್ ಕಂಪನಿ ಮಾಡಿಕೊಟ್ಟಿದ್ದು. ಬಂದೂಕಿನ ಖಾಲಿ ತೋಟಾಕ್ಕೆ ಮತ್ತೆ ತುಂಬುವ (ರೀಲೋಡಿಂಗ್) ಸಿಡಿಮದ್ದು ತೂಗಲು ಅಮೆರಿಕದಲ್ಲಿ ಬಳಸುತ್ತಿದ್ದ ಮಾದರಿ. ನನ್ನಲ್ಲಿರುವುದು ಸಂಗ್ರಹಕ್ಕೆ ಮಾತ್ರ. ಬಣ್ಣ, ತಟ್ಟೆ, ದಂಡ ಎಲ್ಲ ಮೂಲದ್ದೇ.

ಸೊನ್ನೆಗೆ ಹೊಂದಿಸಿ, ತಟ್ಟೆ ಎತ್ತಿ ಮತ್ತೆ ಇಟ್ಟರೆ ಮುಳ್ಳು ಬೇರೆ ಕಡೆ ನಿಲ್ಲುತ್ತದೆ. ಈ ತಕ್ಕಡಿ ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಹತ್ತು ಸಲದಲ್ಲಿ ವ್ಯತ್ಯಾಸ 0.4 ಗ್ರೇನ್‌ವರೆಗೂ ಬಂದಿದೆ. ದಂಡ ತೂಗಾಡದೆ ಮೆಲ್ಲಗೆ ಬಂದು ಗಕ್ಕನೆ ನಿಂತುಬಿಡುತ್ತದೆ. 20 ಗ್ರಾಂ ಬಟ್ಟು ಇಟ್ಟರೆ 308.6 ಬರಬೇಕಾದ ಕಡೆ 307.5ರಿಂದ 308.1ರವರೆಗೆ ಏನೇನೋ ಬರುತ್ತದೆ.

ಈವರೆಗೆ ಮಾಡಿದ್ದು: ಕಡಪ ಕಲ್ಲಿನ ಮೇಲೆ ಇಟ್ಟಿದ್ದೇನೆ, ಫ್ಯಾನ್ ಆಫ್, ಕಿಟಕಿ ಮುಚ್ಚಿದೆ. ದಂಡ ಕೂರುವ ಜಾಗಕ್ಕೆ ಎರಡೂ ಕಡೆ ಒಂದೊಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟೆ. ಅಲ್ಲಿನ ಅಗೇಟ್ ಕಲ್ಲುಗಳು ಗೂಡಿನಲ್ಲಿ ಅಲುಗಾಡುತ್ತಿವೆ, ಅಂಟು ಹಾಕಿ ಕೂರಿಸಬೇಕೇ? ಇನ್ನೊಂದು ಅನುಮಾನ: ಅಮೆರಿಕದಲ್ಲಿ ಹೊಂದಿಸಿದ ತಕ್ಕಡಿ ಬೆಂಗಳೂರಿನ ಎತ್ತರದಲ್ಲಿ ತಪ್ಪು ತೋರಿಸುತ್ತದೆಯೇ?

ಅಲಗು_ಅಗೇಟ್:
ಅಂಟು ಹಾಕಬೇಡಿ ಸರ್, ದಯವಿಟ್ಟು. ಆ ಕಲ್ಲುಗಳು ಅಲುಗಾಡಲೆಂದೇ ಮಾಡಿರುವುದು. ದಂಡದ ಎರಡೂ ಬದಿಯ ಅಲಗುಗಳು, ಅಂದರೆ ದಂಡ ಕಲ್ಲಿನ ಮೇಲೆ ಕೂರುವ ಚೂಪು ಅಂಚುಗಳು, ಕೂದಲೆಳೆಯಷ್ಟು ಓರೆಯಿದ್ದರೂ ಕಲ್ಲು ತಾನೇ ತಿರುಗಿ ಅಲಗಿಗೆ ಹೊಂದಿಕೊಳ್ಳಬೇಕು. ಅಂಟಿಸಿದರೆ ಅಲಗಿನ ಒಂದು ತುದಿ ಮಾತ್ರ ಕಲ್ಲಿಗೆ ತಾಗಿ, ತಕ್ಕಡಿ ಖಾಯಂ ಕೆಡುತ್ತದೆ.

ಎತ್ತರದ ಚಿಂತೆ ಬಿಡಿ. ಗುರುತ್ವ ತಟ್ಟೆಯನ್ನು ಎಷ್ಟು ಎಳೆಯುತ್ತದೋ ಆಚೆಯ ತೂಕಗಳನ್ನೂ ಅದೇ ಪ್ರಮಾಣದಲ್ಲಿ ಎಳೆಯುತ್ತದೆ, ಎರಡೂ ವಜಾ ಆಗುತ್ತವೆ. ಊರು ಬದಲಾದರೆ ಮತ್ತೆ ಹೊಂದಿಸಬೇಕಾದದ್ದು ಸ್ಪ್ರಿಂಗ್ ತಕ್ಕಡಿಯನ್ನು, ಲೋಡ್‌ಸೆಲ್ ಇರುವ ಡಿಜಿಟಲ್ ತಕ್ಕಡಿಯನ್ನು.

ನಿಮ್ಮ ಮೊದಲ ಅಪರಾಧಿ ಆ ಎಣ್ಣೆ. ಅಲಗು ಮತ್ತು ಅಗೇಟ್ ಒಣಗಿದ್ದಾಗಲೇ ಕೆಲಸ ಮಾಡುವುದು. ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ, ಅಲಗಿನ ತುದಿ ಆ ಅಂಟಿನಲ್ಲಿ ಹೂತು ನಿಲ್ಲುತ್ತದೆ. 0.1 ಗ್ರೇನ್ ಎಂದರೆ ಬರೀ 6.48 ಮಿಲಿಗ್ರಾಂ. ಅಷ್ಟು ಸಣ್ಣ ಬಲಕ್ಕೆ ಅಂಟಿನಿಂದ ಬಿಡಿಸಿಕೊಳ್ಳಲು ಆಗುವುದಿಲ್ಲ.

ದಂಡವನ್ನು ನೇರ ಮೇಲೆತ್ತಿ ತೆಗೆಯಿರಿ, ಪಕ್ಕಕ್ಕೆ ಎಳೆಯಬೇಡಿ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಎಸ್‌ಪಿ ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುತ್ತಾರಲ್ಲ, ಅದೇ. ಹತ್ತಿ ಬೇಡ, ಎಳೆ ಉಳಿಯುತ್ತದೆ. ಟೂತ್‌ಪಿಕ್ ತುದಿಯನ್ನು ಚೂಪು ಮಾಡಿ, ಆಲ್ಕೋಹಾಲ್‌ನಲ್ಲಿ ಅದ್ದಿ, ಕಲ್ಲಿನ ವಿ ಆಕಾರದ ತಗ್ಗಿನಲ್ಲಿ ಉದ್ದಕ್ಕೆ ಎಳೆಯಿರಿ. ಟೂತ್‌ಪಿಕ್ ಕಪ್ಪಾಗುವುದು ನಿಲ್ಲುವವರೆಗೂ ಹೊಸದು ಹೊಸದು ಬಳಸಿ. ದಂಡದಲ್ಲಿ ಅಲಗುಗಳು ಎರಡು ಕಡೆ ಇವೆ: ನಡುವೆ ಕೆಳಮುಖವಾಗಿ, ತಟ್ಟೆಯ ಕೊಕ್ಕೆ ಕೂರುವ ಕಡೆ ಮೇಲ್ಮುಖವಾಗಿ. ಎರಡನ್ನೂ ಒರೆಸಿ. ತುಂಬ ಜನ ತಟ್ಟೆಯ ಕಡೆಯದನ್ನು ಮರೆಯುತ್ತಾರೆ, ಆಮೇಲೆ ದೋಷ ಅರ್ಧ ಉಳಿದುಕೊಳ್ಳುತ್ತದೆ.

ಎರಡನೆಯ ಅಪರಾಧಿ ಅಯಸ್ಕಾಂತ. ನೀವು ಬರೆದ "ತೂಗಾಡದೆ ಗಕ್ಕನೆ ನಿಲ್ಲುತ್ತದೆ" ಎಂಬ ಲಕ್ಷಣ ಬಹಳ ಮುಖ್ಯ. ದಂಡದ ತುದಿಯ ತಾಮ್ರದ ರೆಕ್ಕೆ ಎರಡು ಅಯಸ್ಕಾಂತಗಳ ಸಂದಿನಲ್ಲಿ ಆಡುತ್ತದೆ. ರೆಕ್ಕೆ ಚಲಿಸುವಾಗ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ ಚಲನೆಯನ್ನು ತಡೆಯುತ್ತದೆ, ರೆಕ್ಕೆ ನಿಂತ ಕೂಡಲೇ ಆ ತಡೆಯೂ ಸೊನ್ನೆ. ಹಾಗಾಗಿ ಸರಿಯಿರುವ ತಕ್ಕಡಿ ಎರಡು ಮೂರು ತೂಗಾಟದಲ್ಲಿ ನಯವಾಗಿ ನಿಲ್ಲುತ್ತದೆ, ನಿಲ್ಲುವ ಜಾಗ ಬದಲಾಗುವುದಿಲ್ಲ. ಒಂದೂ ತೂಗಾಟವಿಲ್ಲದೆ ನಿಂತರೆ ಅಲ್ಲಿ ಉಜ್ಜಾಟವಿದೆ. ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿ ರೆಕ್ಕೆಗೆ ತಾಗುತ್ತಿರುತ್ತದೆ.

ಊದಿದರೆ ಹೋಗದು. ವಿಸಿಟಿಂಗ್ ಕಾರ್ಡನ್ನು ಸಂದಿನಷ್ಟು ಅಗಲಕ್ಕೆ ಕತ್ತರಿಸಿ, ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿ, ಒಳಗೆ ಇಳಿಸಿ ಒತ್ತಿ ತೆಗೆಯಿರಿ. ಟೇಪ್ ಬಿಳಿಯಾಗಿ ಬರುವವರೆಗೂ ಮಾಡಿ. ಅಯಸ್ಕಾಂತಗಳನ್ನು ಮಾತ್ರ ಕಿತ್ತು ತೆಗೆಯಬೇಡಿ. ರೆಕ್ಕೆಯನ್ನೂ ನೋಡಿ: ಸಣ್ಣ ಅಯಸ್ಕಾಂತ ಹಿಡಿದರೆ ಅದು ಕದಲಬಾರದು. ಕದಲಿದರೆ ಅದಕ್ಕೂ ಕಬ್ಬಿಣದ ಕಣ ಮೆತ್ತಿದೆ ಎಂದರ್ಥ. ಕೊನೆಗೆ ದಂಡ ಕೂರಿಸಿ ಮೇಲಿನಿಂದ ನೋಡಿ, ರೆಕ್ಕೆಯ ಎರಡೂ ಬದಿಗೆ ಬೆಳಕು ಕಾಣಬೇಕು.

20 ಗ್ರಾಂ ಸಮಸ್ಯೆಯನ್ನು ಈಗ ಮುಟ್ಟಬೇಡಿ. ಸೊನ್ನೆಯೇ 0.4 ಓಡಾಡುವಾಗ ಆ ಅಂಕಿಗಳಿಗೆ ಬೆಲೆಯಿಲ್ಲ.

ಪೇಟೆಬಟ್ಟು:
ಅಲಗುಗಳನ್ನು 2000 ನಂಬರಿನ ನೀರುಕಾಗದದಲ್ಲಿ (ನಯವಾದ ಮರಳುಕಾಗದ) ಎರಡೆರಡು ಸಲ ಎಳೆದರೆ ಇನ್ನೂ ಚುರುಕಾಗುತ್ತದೆ ಅನ್ನುತ್ತಾರಲ್ಲ?

ಅಲಗು_ಅಗೇಟ್:
ಬೇಡವೇ ಬೇಡ. ಅಲಗಿನಿಂದ ಅಲಗಿಗಿರುವ ದೂರವೇ ಈ ತಕ್ಕಡಿಯ ಅಳತೆಗೋಲು. ಕೈಯಲ್ಲಿ ಉಜ್ಜಿದರೆ ತುದಿ ಓರೆಯಾಗಿ ಆ ದೂರ ಬದಲಾಗುತ್ತದೆ, ಮತ್ತೆ ಸರಿಮಾಡಲು ಮನೆಯಲ್ಲಿ ದಾರಿಯಿಲ್ಲ. ಅಲಗು ಚೆನ್ನಾಗಿದೆಯೇ ಎಂದು ನೋಡಲು ಅಕ್ಕಸಾಲಿಗರ 10 ಪಟ್ಟಿನ ಲೂಪ್ (ಭೂತಗನ್ನಡಿ) ಸಾಕು. ದೀಪದ ಕೆಳಗೆ ತಿರುಗಿಸಿ: ಚೂಪಾದ ಅಂಚು ಬೆಳಕನ್ನು ಹಿಂದಕ್ಕೆ ಎಸೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಬಿಳಿ ಗೆರೆ ಹೊಳೆದರೆ ಸವೆದಿದೆ, ಒಂದೇ ಚುಕ್ಕಿ ಹೊಳೆದರೆ ಅಲ್ಲಿ ಚಕ್ಕೆ ಎದ್ದಿದೆ.

ಪೇಟೆಬಟ್ಟು:
ಸರಿ, ಹಿಂತೆಗೆದುಕೊಂಡೆ. ಸೂಕ್ಷ್ಮತೆ ನೋಡಲು ಬಟ್ಟು ಕೊಳ್ಳುವ ಮುಂಚೆ ಒಂದು ಸುಲಭ ಪರೀಕ್ಷೆ ಇದೆ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಜೆರಾಕ್ಸ್ ಕಾಗದದಲ್ಲಿ 9.3 ಮಿಲಿಮೀಟರ್ ಚೌಕ ಕತ್ತರಿಸಿ, ಅದು ಸುಮಾರು 6.5 ಮಿಲಿಗ್ರಾಂ, ಅಂದರೆ 0.1 ಗ್ರೇನ್. 70 ಜಿಎಸ್‌ಎಂ ಆದರೆ 9.6 ಮಿಲಿಮೀಟರ್. ಚಿಮಟದಲ್ಲಿ ಹಿಡಿದು ತಟ್ಟೆಗೆ ಬಿಡಿ. ಮುಳ್ಳು ಕಣ್ಣಿಗೆ ಕಾಣುವಷ್ಟು ಸರಿಯಬೇಕು, ತೆಗೆದರೆ ಅದೇ ಗೀಟಿಗೆ ಮರಳಬೇಕು. ಮಳೆಗಾಲದಲ್ಲಿ ಕಾಗದ ತೇವ ಕುಡಿದು ತುಸು ಭಾರವಾಗುತ್ತದೆ. ಆದ್ದರಿಂದ ಇದರಿಂದ ಚುರುಕು ತಿಳಿಯುತ್ತದೆ, ನಿಖರತೆ ಅಲ್ಲ. ಮುಳ್ಳನ್ನು ಅದರ ಮಟ್ಟಕ್ಕೇ ಕಣ್ಣಿಟ್ಟು ನೋಡಿ.

ಗುಲಗಂಜಿ:
ಹೇಳಿದಂತೆ ಮಾಡಿದೆ. ಟೇಪಿಗೆ ಬಂದ ಕಬ್ಬಿಣದ ಪುಡಿ ನೋಡಿ ಗಾಬರಿಯಾಯಿತು. ಈಗ ಮೂರು ತೂಗಾಟಕ್ಕೆ ನಿಲ್ಲುತ್ತದೆ, ಹತ್ತು ಸಲ ಇಟ್ಟರೂ ಅದೇ ಗೀಟು. ಕಾಗದಕ್ಕೂ ಸ್ಪಂದಿಸುತ್ತದೆ. ಅಲಗುಗಳು ಕಪ್ಪಗಿವೆ.

ಎಂ1 ಎಂಬ ನಿಖರತೆಯ ದರ್ಜೆಯ ಬಟ್ಟುಗಳಿಂದ ಈಗ ಬರುತ್ತಿರುವುದು: 500 ಮಿಲಿಗ್ರಾಂಗೆ 7.7, ಸರಿ. 5 ಗ್ರಾಂಗೆ 77.2ರ ಬದಲು 77.0. 10 ಗ್ರಾಂಗೆ 154.3ರ ಬದಲು 153.9. 20 ಗ್ರಾಂಗೆ 308.6ರ ಬದಲು 307.8. ಸಣ್ಣ ತೂಕ ಸರಿ, ದೊಡ್ಡದು ತಪ್ಪು. ತಟ್ಟೆ ಬೇರೆ ತಕ್ಕಡಿಯದ್ದಿರಬಹುದೇ?

ಅಲಗು_ಅಗೇಟ್:
ಈಗ ಇವು ನಂಬಬಹುದಾದ ಅಂಕಿಗಳು. ಎಂ1ನಲ್ಲಿ 10 ಗ್ರಾಂ ಬಟ್ಟಿಗೆ 2 ಮಿಲಿಗ್ರಾಂ ಮಾತ್ರ ಸಲಿಗೆ, ಆದ್ದರಿಂದ ತಪ್ಪು ಬಟ್ಟಿನದ್ದಲ್ಲ.

ತಟ್ಟೆ ಬದಲಾಗಿದ್ದರೆ ಸೊನ್ನೆ ಮಾತ್ರ ಸರಿಯುತ್ತದೆ. ಅದನ್ನು ಪಾದದ ತಿರುಪಿನಿಂದ, ಅದೂ ಸಾಲದಿದ್ದರೆ ತಟ್ಟೆಯ ಕೊಕ್ಕೆಯ ಅಡಿಯ ಗೂಡಿನಲ್ಲಿರುವ ಸೀಸದ ಗುಂಡುಗಳಿಂದ ಸರಿಮಾಡಬಹುದು. ನಿಮ್ಮ ತಪ್ಪು ತೂಕದ ಜೊತೆ ಬೆಳೆಯುತ್ತಿದೆ: 0.2, 0.4, 0.8. ಪ್ರಮಾಣಕ್ಕೆ ತಕ್ಕ ತಪ್ಪು ಇದು, ನೂರಕ್ಕೆ ಸುಮಾರು 0.26. 500 ಮಿಲಿಗ್ರಾಂ ಸರಿ ಬಂತೆಂದು ಅದನ್ನು ಸಾಕ್ಷಿಯಾಗಿ ಹಿಡಿಯಬೇಡಿ. 7.7 ಗ್ರೇನ್‌ಗೆ ಆ ಲೆಕ್ಕದಲ್ಲಿ ತಪ್ಪು 0.02 ಅಷ್ಟೇ, ಕಣ್ಣಿಗೆ ಕಾಣದು.

5-0-5ರಲ್ಲಿ ಜಾರಿಸುವ ತೂಕಗಳು, ಅಂದರೆ ಪಾಯ್ಸ್‌ಗಳು, ಮೂರು. ದೊಡ್ಡದು 10 ಗ್ರೇನ್ ಕಚ್ಚುಗಳಲ್ಲಿ 500ರವರೆಗೆ, ಇನ್ನೆರಡು ಸೇರಿ 11. ಒಟ್ಟು 511. ನಿಮ್ಮ ತೂಕದ ಬಹುಪಾಲು ಹೊರುವುದು ದೊಡ್ಡದೇ. ಓದು ಕಡಿಮೆ ಬರುತ್ತಿದೆ ಎಂದರೆ ಆ ಪಾಯ್ಸ್ ಇರಬೇಕಾದ್ದಕ್ಕಿಂತ ಭಾರವಾಗಿದೆ, ಇಲ್ಲವೇ ತಟ್ಟೆಯ ಕಡೆಯ ಅಲಗು ಒಳಕ್ಕೆ ಸರಿದಿದೆ. ಅಲಗು ಸರಿದಿದ್ದರೆ ದಂಡ ಬಾಗಿದ ಗುರುತು ಇರುತ್ತದೆ. ಪಾಯ್ಸನ್ನು ತಿರುಗಿಸಿ ಒಳಮೈ, ಅಡಿ, ಕಚ್ಚಿಗೆ ಕೂರುವ ನಾಲಗೆ ಎಲ್ಲ ನೋಡಿ. ಒಣಗಿದ ಪೇಂಟ್, ಅಂಟು, ಜಿಡ್ಡು, ಏನಾದರೂ ಮೆತ್ತಿದೆಯೇ?

ಗುಲಗಂಜಿ:
ಇದೆ! ಒಳಮೈಯಲ್ಲಿ ಕಾಳಿನಷ್ಟು ಗಟ್ಟಿ ಪೇಂಟ್, ದಂಡದ ಬಣ್ಣಕ್ಕಿಂತ ಬೇರೆ. ಚಾಕುವಿನಲ್ಲಿ ಕೆರೆಯಲೇ?

ಅಲಗು_ಅಗೇಟ್:
ಲೋಹ ಬೇಡ, ಪಾಯ್ಸ್‌ನಿಂದ ಒಂದು ಚೂರು ಹೋದರೂ ತಪ್ಪು ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಅಸಿಟೋನ್‌ನಲ್ಲಿ ಅದ್ದಿದ ಟೂತ್‌ಪಿಕ್ಕಿನಿಂದ ಮೆತ್ತಗೆ ಮಾಡಿ, ಬಿದಿರಿನ ಕಡ್ಡಿಯಿಂದ ಎಬ್ಬಿಸಿ. ಅಂಕಿ ಬರೆದ ಕಡೆಗೆ ಅಸಿಟೋನ್ ತಾಗಿಸಬೇಡಿ, ಅಕ್ಷರವೇ ಅಳಿಸಿಹೋಗುತ್ತದೆ. ಪಾಯ್ಸ್ ಹಗುರಾದ ಕೂಡಲೇ ಸೊನ್ನೆ ಜರುಗುತ್ತದೆ, ಹೆದರಬೇಡಿ. ಮೊದಲು ಪಾದದಿಂದ ಸೊನ್ನೆ ಹೊಂದಿಸಿ, ಆಮೇಲೆ 20 ಗ್ರಾಂ ಇಡಿ.

ಗುಲಗಂಜಿ:
77.2, 154.3, 308.6. ಮೂರೂ ಬಂತು! ಸೊನ್ನೆ ಅರ್ಧ ಗ್ರೇನ್‌ನಷ್ಟು ಜರುಗಿತ್ತು, ಪಾದದ ತಿರುಪಿನಲ್ಲೇ ಸರಿಹೋಯಿತು. ತುಂಬಾ ಧನ್ಯವಾದ ಸರ್.

ಪೇಟೆಬಟ್ಟು:
ಒಂದು ಸಂತೋಷದ ಕೆಲಸ ಮಾಡಿ ನೋಡಿ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಇದ್ದರೆ ತಟ್ಟೆಗೆ ಹಾಕಿ. ಒಂದು ತೊಲ ಎಂದರೆ 180 ಗ್ರೇನ್, ರೂಪಾಯಿಯ ತೂಕವೂ ಅದೇ. ಎಂಟಾಣೆ 90, ನಾಲ್ಕಾಣೆ 45, ಬೆಳ್ಳಿಯ ಎರಡಾಣೆ 22.5. ನಗರ್ತಪೇಟೆಯ ಹಳೇ ತ್ರಾಸುಗಳ ತೊಲಕ್ಕೂ ಅಮೆರಿಕದ ಈ ತಕ್ಕಡಿಯ ಗ್ರೇನ್‌ಗೂ ನಂಟು ಇದೇ. ಆದರೆ ನಾಣ್ಯವನ್ನು ತಕ್ಕಡಿಯ ಹೊಂದಾಣಿಕೆಗೆ ಬಳಸಬೇಡಿ, ಕೈ ಬದಲಾಯಿಸಿದ ನಾಣ್ಯ ಸವೆದಿರುತ್ತದೆ.

ಗುಲಗಂಜಿ:
1906ರ ರೂಪಾಯಿ 178.9 ತೋರಿಸಿತು. ಅಷ್ಟು ಸವೆದಿದೆಯೇ?

ಪೇಟೆಬಟ್ಟು:
1.1 ಗ್ರೇನ್ ಅಂದರೆ ಸುಮಾರು 71 ಮಿಲಿಗ್ರಾಂ. ಚಲಾವಣೆಯಲ್ಲಿದ್ದ ನಾಣ್ಯಕ್ಕೆ ಅದು ಸಹಜವೇ. ಅದನ್ನು ತೊಳೆಯಲು ಹೋಗಬೇಡಿ.

ಅಲಗು_ಅಗೇಟ್:
ಎತ್ತಿಡುವಾಗ ದಂಡವನ್ನು ಅಗೇಟ್ ಮೇಲೆ ಬಿಡಬೇಡಿ. ಬೇರೆ ತೆಗೆದು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಲಗಿಗೆ ತುಕ್ಕು ಬರದಿರಲೆಂದು ಎಣ್ಣೆ ಸವರಿದರೆ ಮುಂದಿನ ಸಲ ಮತ್ತೆ ಮೊದಲಿನಿಂದ ತೊಳೆಯಬೇಕಾಗುತ್ತದೆ.