ನಂದಿ ಬೆಟ್ಟ ಹತ್ತುವಾಗ ಪದ್ಮಿನಿ ನಿಂತುಬಿಡುತ್ತದೆ, ಕಾಯಿಲ್ ಬದಲಿಸಲಾ?

ಪದ್ಮಿನಿ84 (ಚಿಕ್ಕಬಳ್ಳಾಪುರ)
ನಮ್ಮಪ್ಪನ 1984ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಪೆಟ್ರೋಲ್. ಪಿಕಪ್ ಸಾಲದು ಅಂತ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆ. ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಬಿಡುವ ತೂತು), ಹೊಗೆ ಹೋಗುವ ಹಳೇ ಮ್ಯಾನಿಫೋಲ್ಡ್ ಜಾಗದಲ್ಲಿ ತೆಳು ಪೈಪಿನ ಹೆಡರ್ ಕೂಡ ಬಂತು. ಹೈವೇಯಲ್ಲಿ ಸೊಗಸಾಗಿ ಓಡುತ್ತದೆ. ಬೆಟ್ಟದ ತಿರುವುಗಳಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದರೆ ಏನೂ ಆಗದ ಹಾಗೆ ಸ್ಟಾರ್ಟ್! ಭಾನುವಾರ ಬೆಳಗ್ಗೆ ಹಿಂದಿದ್ದವರ ಹಾರನ್ ಕೇಳಿ ಸಾಕಾಯಿತು. ಮೆಕ್ಯಾನಿಕ್, ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹೋಗಿದೆ ಅನ್ನುತ್ತಾರೆ.

ಹಳೇಗಾಡಿ (ತುಮಕೂರು)
ಸುಮ್ನೆ ದುಡ್ಡು ಹಾಕಬೇಡಿ ಸರ್. ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಭಾಗ) ಜೊತೆ ಬಳಸುವ ಒಂದೂವರೆ ಓಮ್ ಕಾಯಿಲ್‌ಗೆ ನೇರವಾಗಿ 12 ವೋಲ್ಟ್ ಕೊಟ್ಟರೆ ಕಾದು ಕೈಕೊಡುತ್ತದೆ, ನಿಜ. ಆದರೆ ಪೆಟ್ರೋಲ್ ಕುದ್ದರೂ ಇದೇ ಲಕ್ಷಣ. ಗಾಡಿ ನಿಂತ ಕೂಡಲೇ ನೋಡಬೇಕು, ಆರಿದ ಮೇಲೆ ಏನೂ ಗೊತ್ತಾಗುವುದಿಲ್ಲ. ಸ್ಪೇರ್ ಪ್ಲಗ್ ಒಂದನ್ನು ವೈರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಇಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆಸಿ. ಕರೆಂಟ್ (ಕಿಡಿ) ಬರುತ್ತದಾ? ಆಮೇಲೆ ಪ್ಲಾಸ್ಟಿಕ್ ಫಿಲ್ಟರ್ ನೋಡಿ, ಪೆಟ್ರೋಲ್ ಇದೆಯಾ, ಬರೀ ಗುಳ್ಳೆಯಾ? ಕೊನೆಗೆ ಎಸಿ ಪಂಪಿನ (ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು) ಮೇಲೆ ಒದ್ದೆ ಬಟ್ಟೆ ಹಾಕಿ.

ಪದ್ಮಿನಿ84
ಕರೆಂಟ್ ಗಟ್ಟಿಯಾಗಿದೆ. ಫಿಲ್ಟರ್ ಹೆಚ್ಚುಕಮ್ಮಿ ಖಾಲಿ. ಒದ್ದೆ ಬಟ್ಟೆ ಹಾಕಿದ ಐದೇ ನಿಮಿಷಕ್ಕೆ ಸ್ಟಾರ್ಟ್ ಆಯಿತು! ಫೋಟೋ ಹಾಕಿದ್ದೇನೆ.

ಹಳೇಗಾಡಿ
ಹಾಗಾದರೆ ಕಾಯಿಲ್ ಪಾಪ ನಿರಪರಾಧಿ. ನಿಮ್ಮ ಹೆಡರಿಗೂ ಪೆಟ್ರೋಲ್ ಪೈಪಿಗೂ ಎರಡು ಬೆರಳು ಸಂದಿಲ್ಲವಲ್ಲ! ಎರಕದ ಮ್ಯಾನಿಫೋಲ್ಡಿಗಿಂತ ಈ ತೆಳು ಪೈಪು ಸುತ್ತಮುತ್ತ ಜಾಸ್ತಿ ಶಾಖ ಉಗುಳುತ್ತದೆ. ಪಕ್ಕದ ಪೈಪಿನೊಳಗೆ ಪೆಟ್ರೋಲ್ ಆವಿಯಾದರೆ ಪಂಪಿಗೆ ಅದನ್ನು ತಳ್ಳಲು ಆಗುವುದಿಲ್ಲ. ಹೈವೇಯಲ್ಲಿ ಗಾಳಿ ಬಡಿದು ತಣಿಸುತ್ತದೆ. ಬೆಟ್ಟದಲ್ಲಿ ಇಂಜಿನ್ ಜೋರು, ಗಾಡಿ ನಿಧಾನ.

ಪೆಟ್ರೋಲ್ ಪೈಪನ್ನು ಬೇರೆ ದಾರಿಯಲ್ಲಿ ಎಳೆಸಿ. ಹೆಡರಿಗೂ ಪಂಪಿಗೂ ನಡುವೆ ತಗಡಿನ ಮರೆ ಕೊಡಿಸಿ. ಕಾರ್ಬ್ಯುರೇಟರಿನ ಕೆಳಗೆ ಶಾಖ ತಡೆಯುವ ಬೇಕಲೈಟ್ ಪ್ಯಾಕಿಂಗ್ ಇದೆಯಾ ನೋಡಿ, ಎಷ್ಟೋ ಸಲ ಬಿಚ್ಚಿದವರು ವಾಪಸ್ ಹಾಕಿರುವುದಿಲ್ಲ. ರಬ್ಬರ್ ಹೋಸ್, ಪಂಪಿನ ಡಯಾಫ್ರಾಮ್ ಕೂಡ ಎಥೆನಾಲ್ ತಡೆಯುವಂಥದ್ದೇ ಹಾಕಿಸಿ. ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲಿಗೆ ಆ ಕಾಲದ ರಬ್ಬರ್ ಉಬ್ಬಿ ಬಿರುಕು ಬಿಡುತ್ತದೆ. ಹೆಡರ್ ಪಕ್ಕ ಪೆಟ್ರೋಲ್ ಸೋರಿದರೆ ಬೆಂಕಿಯೇ.

ರಾಗಿಮುದ್ದೆ (ಕೋಲಾರ)
ಪ್ಲಗ್ ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ ಅಂತ, ಹಳೇ ಜೆಟ್ಟೇ ಹಾಕಿ ಅಣ್ಣಾ. ನಂದಿ 1478 ಮೀಟರ್. ಮೇಲೆ ಹೋದಂತೆ ಗಾಳಿ ತೆಳು, ಪೆಟ್ರೋಲ್ ತಾನಾಗಿಯೇ ಜಾಸ್ತಿಯಾಗುತ್ತದೆ.

ಪದ್ಮಿನಿ84
ಪೈಪ್ ಬದಲಿಸಿ, ಮರೆ ಕೊಟ್ಟು, ಹಳೇ ಜೆಟ್ ಹಾಕಿಸಿದೆ. ಬೇಕಲೈಟ್ ನಿಜವಾಗಲೂ ಇರಲಿಲ್ಲ! ನಿನ್ನೆ ನಿಲ್ಲದೆ ಹತ್ತಿತು. ಇಳಿಯುವಾಗ ಮಾತ್ರ ಬ್ರೇಕ್ ಸುಟ್ಟ ವಾಸನೆ.

ಹಳೇಗಾಡಿ
ನಾಲ್ಕೂ ಡ್ರಮ್ ಬ್ರೇಕ್ ಅಲ್ವಾ, ಬಿಡದೆ ತುಳಿದರೆ ಕಾಯುತ್ತವೆ. ಹತ್ತಿದ ಗೇರಿನಲ್ಲೇ ಇಳಿಸಿ. ಆದರೂ ಒಮ್ಮೆ ಡ್ರಮ್ ಬಿಚ್ಚಿಸಿ ಲೈನರ್ ನೋಡಿಸಿಬಿಡಿ, ಮುಂದಿನ ಭಾನುವಾರಕ್ಕೆ ಮೊದಲೇ.