ಬೇರೆಯವರ ಹುಚ್ಚು ನಮಗೂ ಹತ್ತುತ್ತದೆ, ಆದರೆ ಉಳಿಯುವುದಿಲ್ಲ. ಏನು ಮಾಡುವುದು?

ಕೇಳಿದವರು: ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ನಕ್ಷತ್ರಗಳ ಹುಚ್ಚು. ಅವರು ಮಾತು ಶುರು ಮಾಡಿದರೆ ನನಗೂ ಎಲ್ಲವನ್ನೂ ಕಲಿಯಬೇಕು ಅನ್ನಿಸುತ್ತದೆ. ಮನೆಗೆ ಬಂದು ಪುಸ್ತಕ ತೆರೆದರೆ ಆ ಹುರುಪೇ ಇರುವುದಿಲ್ಲ. ಹಿಂದೆ ಚೆಸ್ ವಿಷಯದಲ್ಲೂ ಹೀಗೇ ಆಗಿತ್ತು. ಇದು ನಿಜವಾಗಿ ನನ್ನ ಆಸಕ್ತಿಯಾ, ಇಲ್ಲಾ ಅವರ ಹುರುಪಿನ ಪ್ರಭಾವ ಅಷ್ಟೇನಾ? ನಿಮ್ಮ ಅನುಭವ ಹೇಳಿ.

ಹಕ್ಕಿ ನೋಡುವ ಹವ್ಯಾಸದವರು: ನನಗನ್ನಿಸುವುದು, ನೀವು ಪುಸ್ತಕ ತೆರೆದದ್ದು ಸ್ವಲ್ಪ ಬೇಗ ಆಯಿತು. ನನಗೆ ಹಕ್ಕಿಗಳ ಬಗ್ಗೆ ಏನೇನೂ ಆಸಕ್ತಿ ಇರಲಿಲ್ಲ. ಗೆಳತಿಯೊಬ್ಬಳು ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಗಕ್ಕನೆ ನಿಂತು, "ಗುಬ್ಬಚ್ಚಿ ಕಾಲು ನೋಡು, ಅದು ನಡೆಯಲ್ಲ, ಕುಪ್ಪಳಿಸುತ್ತೆ. ಅಲ್ಲಿ ಮೈನಾ ನೋಡು, ನಮ್ಮ ಹಾಗೇ ನಡೀತಿದೆ" ಅಂದಳು. ಅಷ್ಟೇ. ಆಮೇಲೆ ಯಾವ ಹಕ್ಕಿ ಕಂಡರೂ ನನ್ನ ಕಣ್ಣು ಕಾಲಿನ ಮೇಲೇ. ಕಾಗೆ ಎರಡನ್ನೂ ಮಾಡುತ್ತದೆ ಅಂತ ನಾನೇ ನೋಡಿ ಕಂಡುಕೊಂಡೆ. ಯಾಕೆ ಹೀಗೆ ಅಂತ ಅವಳನ್ನು ಕೇಳಿದರೆ, "ನಂಗೂ ಪೂರ್ತಿ ಗೊತ್ತಿಲ್ಲ ಕಣೇ" ಅಂತ ನಕ್ಕಳು. ಅವಳು ಉದ್ದದ ಉತ್ತರ ಕೊಟ್ಟಿದ್ದರೆ ನಾನು ಕೇಳಿ ಮರೆತುಬಿಡುತ್ತಿದ್ದೆನೋ ಏನೋ. ಉತ್ತರ ಇಲ್ಲದ್ದರಿಂದ ಆ ಪ್ರಶ್ನೆ ನನ್ನದಾಯಿತು.

ಜಾರ್ಜ್ ಲೋವೆನ್‌ಸ್ಟೈನ್ ಎಂಬ ಸಂಶೋಧಕರು 1994ರಲ್ಲಿ ಇದನ್ನೇ ವಿವರಿಸಿದ್ದರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಕಂದರ ಕಂಡಾಗ ಕುತೂಹಲ ಹುಟ್ಟುತ್ತದಂತೆ. ಏನೂ ಗೊತ್ತಿಲ್ಲದಿದ್ದರೆ ಆ ಕಂದರವೇ ಕಾಣುವುದಿಲ್ಲ. ಹುಚ್ಚು ಹತ್ತಿದವರು ನಮಗೆ ತೋರಿಸಿಕೊಡುವುದು ಅದನ್ನೇ. ಹಾಗಾಗಿ ನಕ್ಷತ್ರಗಳನ್ನೆಲ್ಲ ಕಲಿಯಲು ಹೋಗಬೇಡಿ. ಅವರು ಹೇಳಿದ್ದರಲ್ಲಿ ನಿಮ್ಮನ್ನು ಕಾಡಿದ ಒಂದೇ ಒಂದು ವಿಷಯ ಹಿಡಿದುಕೊಳ್ಳಿ.

ಇನ್ನೊಬ್ಬರು: "ಅವರ ಪ್ರಭಾವ ಅಷ್ಟೇನಾ" ಅಂತ ಕೇಳಿದ್ದೀರಿ. ಹೌದು ಅಂತಲೇ ಇಟ್ಟುಕೊಳ್ಳಿ, ಏನೀಗ? ಮುಂದೆ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ ಮೊದಲು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟಿದ್ದರು. ಕೇಳಿ ಸುಮ್ನೆ ಕೂರಲಿಲ್ಲ. ಟಿಪ್ಪಣಿ ಮಾಡಿಕೊಂಡು, ಅಚ್ಚುಕಟ್ಟಾಗಿ ಬರೆದು, ತಾನೇ ರಟ್ಟು ಹಾಕಿ ಡೇವಿಗೇ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನಾದ. ಡಾರ್ವಿನ್‌ಗೂ ಜೀರುಂಡೆ ಹಿಡಿಯುವ ಹುಚ್ಚು ಹತ್ತಿಸಿದ್ದು ಕೇಂಬ್ರಿಡ್ಜ್‌ನಲ್ಲಿದ್ದ ಸಂಬಂಧಿ ವಿಲಿಯಂ ಫಾಕ್ಸ್. ಎರಡು ಕೈಯಲ್ಲೂ ಜೀರುಂಡೆ ಇದ್ದಾಗ ಮೂರನೆಯದು ಕಂಡು, ಒಂದನ್ನು ಬಾಯಿಗೆ ಹಾಕಿಕೊಂಡ ಪುಣ್ಯಾತ್ಮ ಈ ಡಾರ್ವಿನ್! ಅದು ಖಾರದ ರಸ ಉಗುಳಿತಂತೆ.

ನಾನು ಮಾಡುವುದು ಇಷ್ಟೇ: ಯಾರದ್ದಾದರೂ ಮಾತು ಹಿಡಿಸಿದರೆ ಅದೇ ದಿನ ನನ್ನ ಮಾತಿನಲ್ಲಿ ಬರೆದಿಡುತ್ತೇನೆ. ಬರೆಯುವಾಗ ಎಲ್ಲಿ ಅರ್ಥವಾಗಿಲ್ಲ ಅಂತ ತಾನಾಗಿ ಗೊತ್ತಾಗುತ್ತದೆ.

ಗಣಿತ ಕಲಿಸುವವರು: ನಾನು ಹುರುಪು ಹತ್ತಿಸುವವರ ಕಡೆಯಿಂದ ಹೇಳುತ್ತೇನೆ. ಗಣಿತದ ತರಗತಿಗಳ ಮೇಲೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೇಷ್ಟರಿಗೆ ಪಾಠದಲ್ಲಿ ಸಿಗುವ ಖುಷಿಗೂ ಮಕ್ಕಳ ಖುಷಿಗೂ ನಂಟು ಕಂಡಿತ್ತು. ಮಕ್ಕಳ ಕಣ್ಣಿಗೆ ಕಾಣುವ ಮೇಷ್ಟರ ಹುರುಪೇ ನಡುವಿನ ಕೊಂಡಿ. ಆದರೆ ಹುರುಪು ತೋರಿಸಿದರೆ ಸಾಲದು, ಕೈಗೆ ಕೆಲಸವೂ ಸಿಗಬೇಕು. 1+3 ಅಂದರೆ 4, 1+3+5 ಅಂದರೆ 9, ಇನ್ನು 7 ಸೇರಿಸಿದರೆ 16. ಎಲ್ಲವೂ ವರ್ಗ ಸಂಖ್ಯೆಗಳು! ಇದನ್ನು ನಾನು ಕುಣಿದಾಡಿ ಹೇಳಿದಾಗ ಮಕ್ಕಳು ನಗುತ್ತಾರೆ. ಚುಕ್ಕಿ ಇಟ್ಟು ಚೌಕ ಬೆಳೆಸಲು ಬಿಟ್ಟಾಗ ಮಾತ್ರ "ಸಾರ್, ಸಮ ಸಂಖ್ಯೆ ಕೂಡಿದರೆ?" ಅಂತ ಕೇಳುತ್ತಾರೆ. ನಿಮ್ಮ ಸಹೋದ್ಯೋಗಿಯನ್ನು ಒಂದು ರಾತ್ರಿ ನಿಜವಾದ ಆಕಾಶ ತೋರಿಸಲು ಕರೆಯಿರಿ. ಅವರಿಗೇ ಈಗ ಯಾವುದು ಬಗೆಹರಿದಿಲ್ಲ ಅಂತಲೂ ಕೇಳಿ.

ಮತ್ತೊಬ್ಬರು: ಸ್ವಲ್ಪ ಬೇರೆ ಮಾತು. ಎಲ್ಲವೂ ಯಾಕೆ ಉಳಿಯಬೇಕು? ಚೆಸ್ ಬಿಟ್ಟಿರಿ, ಬಿಡಿ. ಕೆಲವರ ಹುರುಪು ಎದುರಿನವರನ್ನು ಉಸಿರಾಡಲೂ ಬಿಡುವುದಿಲ್ಲ, ಬಾಯಿ ತೆರೆದರೆ ತಿದ್ದುತ್ತಾರೆ. ಅಂಥವರಿಂದ ದೂರ ಇರುವುದೇ ಒಳ್ಳೆಯದು. ಮತ್ತೆ, ದಯವಿಟ್ಟು ಈಗಲೇ ದೂರದರ್ಶಕ ಕೊಳ್ಳಬೇಡಿ. ಸಾಮಾನು ಕೊಂಡ ಖುಷಿಯಲ್ಲೇ ಕಲಿಯುವ ಆಸೆ ಅರ್ಧ ತೀರಿಹೋಗುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಆ ಸಹೋದ್ಯೋಗಿಯನ್ನೇ ಕೇಳಿದೆ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಆರ್ದ್ರಾ ನಕ್ಷತ್ರದ ಬೆಳಕು ಹೆಚ್ಚು ಕಡಿಮೆ ಆಗುತ್ತಿರುತ್ತದಂತೆ. 2019ರ ಕೊನೆಯಿಂದ 2020ರ ಶುರುವಿನವರೆಗೆ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತಂತೆ. ಆ ನಕ್ಷತ್ರವೇ ಹೊರಗೆ ಎಸೆದ ದ್ರವ್ಯ ದೂಳಾಗಿ ಅಡ್ಡ ಬಂದದ್ದು ಕಾರಣ ಅಂದರು. ರೋಹಿಣಿ ನಕ್ಷತ್ರದ ಜೊತೆ ಹೋಲಿಸಿ ನೋಡುತ್ತಿರಿ, ಎರಡೂ ಕೆಂಪು ಛಾಯೆಯವು ಅಂತಲೂ ಹೇಳಿದರು. ಈಗ ನನಗೊಂದು ಅನುಮಾನ. ಎರಡೂ ಒಂದೇ ಎತ್ತರದಲ್ಲಿ ಇಲ್ಲದಿದ್ದರೆ, ದಿಗಂತಕ್ಕೆ ಹತ್ತಿರ ಇರುವುದು ಗಾಳಿಯ ದಪ್ಪದಿಂದಲೇ ಮಂಕಾಗಿ ಕಾಣಲ್ವಾ? ಅದನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ? ಯಾರಾದರೂ ಹೀಗೆ ಹೋಲಿಸಿ ನೋಡಿದ್ದರೆ ಹೇಳಿ.