ವಿದೇಶದಿಂದ ತರಿಸುವ ಅಗ್ಗದ ಮಡಚುವ ಚಾಕು: ಕೇಳಿ, ಸಾಣೆ ಅಂಗಡಿಯಿಂದ ಉತ್ತರ

ಮೈಸೂರಿನಲ್ಲಿ ಸಾಣೆ ಅಂಗಡಿ ಇಟ್ಟು 19 ವರ್ಷ ಆಯಿತು. ಮೊದಲೆಲ್ಲಾ ಬರುತ್ತಿದ್ದದ್ದು ಅಡುಗೆಮನೆ ಚಾಕು, ಟೈಲರ್ ಕತ್ತರಿ, ಈಳಿಗೆಮಣೆ. ಈಗ ನಾಲ್ಕೈದು ವರ್ಷದಿಂದ ಜನ ಆನ್‌ಲೈನ್‌ನಲ್ಲಿ ಚೀನಾದಿಂದ ತರಿಸಿಕೊಂಡ ಮಡಚುವ ಚಾಕುಗಳೂ ಬರುತ್ತಿವೆ. ಇನ್‌ಬಾಕ್ಸ್‌ನಲ್ಲಿ ಒಬ್ಬೊಬ್ಬರಿಗೆ ಅದನ್ನೇ ಹೇಳಿ ಸಾಕಾಯಿತು, ಅದಕ್ಕೇ ಎಲ್ಲರೂ ಇಲ್ಲೇ ಕೇಳಿ ಅಂದೆ.

ಪ್ರಶ್ನೆ (ಶಿರಸಿಯಿಂದ): ಸರ್, ನಮ್ಮದೊಂದು ಸಣ್ಣ ನರ್ಸರಿ. ಮಾವು, ಹಲಸು, ಕಾಳುಮೆಣಸು ಕಸಿ ಕಟ್ಟುತ್ತೇವೆ. ಹೊರದೇಶದ ಒಂದು ಸೈಟ್‌ನಲ್ಲಿ ಮಡಚುವ ಚಾಕು 650 ರೂಪಾಯಿಗೆ ಇದೆ. "440 ಸ್ಟೀಲ್" ಅಂತ ಬರೆದಿದ್ದಾರೆ. ತರಿಸಬಹುದಾ?

ಉತ್ತರ: ಕಸಿ ಕೆಲಸಕ್ಕಾದರೆ ಬೇಡ. ಸ್ಟೀಲ್ ವಿಷಯ ಆಮೇಲೆ, ಮೊದಲು ಅಲಗಿನ ಆಕಾರ ನೋಡಿ. ಕಸಿ ಚಾಕುವನ್ನು ಒಂದೇ ಕಡೆ ಮಸೆದಿರುತ್ತಾರೆ, ಇನ್ನೊಂದು ಬದಿ ಹಲಗೆ ಹಾಗೆ ಚಪ್ಪಟೆ. ಹಾಗಿದ್ದರೇ ಕಡ್ಡಿಯ ಮೇಲೆ ಒಂದೇ ಎಳೆತಕ್ಕೆ ನೇರವಾದ ಸೀಳು ಬರೋದು. ಜೇಬಿನ ಚಾಕು ಎರಡೂ ಕಡೆ ಮಸೆದದ್ದು. ಅದು ಕಡ್ಡಿಯೊಳಗೆ ಹೋಗುತ್ತಾ ಸ್ವಲ್ಪ ಬಾಗುತ್ತೆ, ಎರಡು ತುಂಡು ಸೇರಿಸಿದಾಗ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತೆ, ಅಲ್ಲಿಗೆ ಕಸಿ ಒಣಗಿತು. ನಿಮ್ಮಲ್ಲಿ ಎಡಗೈಯವರು ಯಾರಾದರೂ ಇದ್ದರೆ ಅವರಿಗೆ ಮಸೆದ ಬದಿಯೂ ತಿರುಗಿರಬೇಕು, ಮರೆಯಬೇಡಿ.

ಇನ್ನು "440". ಇದು ಹೆಚ್ಚುಕಮ್ಮಿ ಅರ್ಧ ಸುಳ್ಳು. 440ರಲ್ಲಿ ಎ, ಬಿ, ಸಿ ಅಂತ ಮೂರು ಜಾತಿ. ಎ ಅಂದರೆ ಇಂಗಾಲ ಸುಮಾರು ಶೇ. 0.7, ಸಿ ಅಂದರೆ ಶೇ. 1ರ ಆಸುಪಾಸು. ಇಂಗಾಲ ಜಾಸ್ತಿ ಇದ್ದರೆ ಹರಿತ ಹೆಚ್ಚು ದಿನ ನಿಲ್ಲುತ್ತೆ, ಹಾಗಾಗಿ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಸಿ ಆಗಿದ್ದರೆ ಮಾರುವವನು ಆ ಅಕ್ಷರವನ್ನು ದೊಡ್ಡದಾಗಿ ಬರೆಯದೇ ಬಿಡ್ತಾನಾ? ಅಕ್ಷರ ಇಲ್ಲ ಅಂದರೆ ಎ ಅಂತ ತಿಳಿಯಿರಿ, ಕೆಲವು ಸಲ ಅದೂ ಅಲ್ಲ.

ಚೀನಾದ ಸ್ಟೀಲ್ ಹೆಸರುಗಳಲ್ಲಿ ಒಂದು ಅನುಕೂಲ ಇದೆ, ಹೆಸರಲ್ಲೇ ಜಾತಕ. 3ಸಿಆರ್13 ಅಂದರೆ ಇಂಗಾಲ ಸುಮಾರು ಶೇ. 0.3, ಕ್ರೋಮಿಯಂ ಶೇ. 13. 8ಸಿಆರ್13ಎಂಒವಿ ಅಂದರೆ ಇಂಗಾಲ ಶೇ. 0.8. ಮೊದಲಿನ ಅಂಕಿ ನೋಡಿದರೆ ಸಾಕು. 3 ಇದ್ದರೆ ಹಣ್ಣು ಕತ್ತರಿಸಿ ಖುಷಿಪಡಿ. ರಟ್ಟಿನ ಡಬ್ಬ ನಾಲ್ಕು ಕೊಯ್ದರೆ ಮೊಂಡು. 8 ಇದ್ದು ಹದ (ಕಾಯಿಸಿ ತಣಿಸಿ ಗಟ್ಟಿ ಮಾಡುವುದು) ಸರಿಯಾಗಿ ಹಾಕಿದ್ದರೆ ದಿನದ ಕೆಲಸಕ್ಕೆ ಧಾರಾಳ ಆಯಿತು. ಬರೀ "ಸ್ಟೇನ್‌ಲೆಸ್ ಸ್ಟೀಲ್" ಅಂತ ಮಾತ್ರ ಕೊರೆದಿದ್ದರೆ ಅದು ಊರಿನ ಹೆಸರು ಹೇಳದೆ "ದಕ್ಷಿಣದ ಕಡೆಯವನು" ಅಂದ ಹಾಗೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಅಣ್ಣಾ, ನಾನು ಆಗಲೇ ತರಿಸಿಬಿಟ್ಟೇನಿ. 700 ರೂಪಾಯಿದು. ನೋಡಾಕ ಭಾಳ ಚಂದ ಐತಿ, ಆದ್ರ ಅಲಗು ಒಂಚೂರು ಅಲ್ಲಾಡತೈತಿ. ತೊಂದರೆ ಏನರ ಐತೇನು?

ಉತ್ತರ: ತಮ್ಮಾ, ಅಲ್ಲಾಡುವುದು ದೊಡ್ಡ ವಿಷಯ ಅಲ್ಲ, ಲಾಕ್ ಹೇಗಿದೆ ಅನ್ನೋದು ದೊಡ್ಡ ವಿಷಯ. ಹೋದ ವರ್ಷ ಒಬ್ಬ ಹುಡುಗ ನನ್ನ ಹತ್ತಿರ ಇಂಥದ್ದೇ ಚಾಕು ತಂದಿದ್ದ, ತೋರುಬೆರಳಿಗೆ ನಾಲ್ಕು ಹೊಲಿಗೆ. ತೆಂಗಿನಕಾಯಿ ಹೋಳಿನಿಂದ ಕಾಯಿ ಎಬ್ಬಿಸಲು ಹೋಗಿ ತುದಿಯಿಂದ ಮೀಟಿದ್ದಾನೆ. ಚಾಕು ಅವನ ಬೆರಳಿನ ಮೇಲೇ ಮಡಚಿಕೊಂಡಿದೆ.

ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆ. ಈ ಚಾಕುಗಳಲ್ಲಿ ಹಿಡಿಯ ಒಳಗೆ ಒಂದು ತೆಳ್ಳಗಿನ ಸ್ಟೀಲ್ ಪಟ್ಟಿ ಇರುತ್ತೆ, ಲೈನರ್ ಲಾಕ್ ಅಂತಾರೆ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ಟಿಕ್ ಅಂತ ಒಳಗೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲಬೇಕು. ಬುಡದ ಅಗಲದಲ್ಲಿ ಕಾಲುಭಾಗಕ್ಕಿಂತ ಜಾಸ್ತಿ, ಅರ್ಧದ ತನಕ ಬಂದು ಕೂತರೆ ಚೆನ್ನ. ಅವನ ಚಾಕುವಿನಲ್ಲಿ ಪಟ್ಟಿಯ ಒಂದು ಮೂಲೆ ಮಾತ್ರ ತಾಗುತ್ತಿತ್ತು, ಆ ಮೂಲೆಯೂ ಸವೆದು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಒಂದು ಉಗುರಿನ ತುದಿಯಷ್ಟು ಲೋಹದ ಮೇಲೆ ಅವನ ಬೆರಳು ನಂಬಿಕೊಂಡು ಕೂತಿತ್ತು.

ನೀನು ಹೀಗೆ ಮಾಡು. ಚಾಕು ತೆರೆದು ಹಿಂದಿನಿಂದ ಬೆಳಕಿಗೆ ಹಿಡಿದು ಪಟ್ಟಿ ಎಷ್ಟು ಒಳಗೆ ಬಂದಿದೆ ನೋಡು. ಆಮೇಲೆ ಬೆರಳು ಯಾವುದೂ ಅಲಗಿನ ದಾರಿಯಲ್ಲಿ ಇಲ್ಲದ ಹಾಗೆ ಹಿಡಿದು, ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಒತ್ತು, ಮೆಲ್ಲಗೆ ಎರಡು ಸಲ ತಟ್ಟು. ಸುತ್ತಿಗೆ ಹೊಡೆದ ಹಾಗಲ್ಲ, ಬಾಗಿಲು ತಟ್ಟಿದ ಹಾಗೆ. ಪಟ್ಟಿ ಜಾರಿದರೆ ಆ ಚಾಕು ಇನ್ನು ಲಕೋಟೆ ಬಿಡಿಸುವುದಕ್ಕೆ ಮಾತ್ರ, ಅದನ್ನು ರಿಪೇರಿ ಮಾಡಲು ನಾನಂತೂ ಒಪ್ಪುವುದಿಲ್ಲ. ಜಾರಲಿಲ್ಲ ಅಂದರೆ ಅಲ್ಲಾಟಕ್ಕೆ ಮದ್ದು ಸುಲಭ. ನಕ್ಷತ್ರದ ಹಾಗೆ ತೂತು ಇರುವ ಸ್ಕ್ರೂ ಇದೆಯಲ್ಲ, ಅದು ಟಾರ್ಕ್ಸ್, ಜಾಸ್ತಿ ಟಿ6 ಇಲ್ಲಾ ಟಿ8 ಬಿಟ್ ಕೂರುತ್ತೆ. ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತೆ. ಸ್ವಲ್ಪ ಸ್ವಲ್ಪವೇ ಬಿಗಿ ಮಾಡು, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಡು. ಮತ್ತೆ ಯಾವತ್ತೂ ಮಡಚುವ ಚಾಕುವಿನಿಂದ ಮೀಟಬೇಡ. ಕಾಯಿ ಎಬ್ಬಿಸುವುದಕ್ಕೆ ಮನೆಯಲ್ಲಿ ಬೇರೆ ಚಾಕು ಇಲ್ವಾ?

ಪ್ರಶ್ನೆ (ಬೆಂಗಳೂರಿನಿಂದ): ಸುಂಕ ಎಷ್ಟು ಬೀಳುತ್ತೆ ಸರ್? ಸೆಲ್ಲರ್ "ಗಿಫ್ಟ್ ಅಂತ ಬರೆದು ಕಳಿಸುತ್ತೇವೆ, ನಿಮಗೇನೂ ಬೀಳಲ್ಲ" ಅಂತಿದ್ದಾನೆ.

ಉತ್ತರ: ಆ ಸೆಲ್ಲರ್ ಹಳೇ ಕಾಲದಲ್ಲಿದ್ದಾನೆ. 5,000 ರೂಪಾಯಿವರೆಗಿನ ಗಿಫ್ಟ್‌ಗೆ ಸುಂಕ ಇಲ್ಲ ಅನ್ನುವ ಸವಲತ್ತು ಇತ್ತು ನಿಜ, ಎಲ್ಲರೂ ಸಾಮಾನು ತರಿಸಿಕೊಂಡು ಗಿಫ್ಟ್ ಅನ್ನಲು ಶುರು ಮಾಡಿದ ಮೇಲೆ ಸರ್ಕಾರ 2019ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದುಹಾಕಿತು. ರಾಖಿ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ಬಿಟ್ಟಿತು. ಚಾಕು ರಾಖಿ ಅಲ್ಲ.

ಲೆಕ್ಕ ಹೇಳುತ್ತೇನೆ. ನಾನೇ ಒಂದು ಸಲ 1,400 ರೂಪಾಯಿಯ ಚಾಕು ತರಿಸಿದೆ, ಸಾಗಣೆ 400. ಸುಂಕ ಬೀಳುವುದು ಸಾಗಣೆಯೂ ಸೇರಿದ 1,800ರ ಮೇಲೆ. ಆಗಿನ ದರ ಮೂಲ ಸುಂಕ ಶೇ. 35, ಅಂದರೆ 630. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, 63. ಎಲ್ಲಾ ಕೂಡಿಸಿ ಅದರ ಮೇಲೆ ಶೇ. 28 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ), 698. ಒಟ್ಟು 1,391, ಶೇಕಡಾ ಲೆಕ್ಕದಲ್ಲಿ 77.28. ಇಷ್ಟೇ ಅಂದುಕೊಂಡರೆ ಕೊರಿಯರ್‌ನವರು "ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ" ಅಂತ 590 ಹಾಕಿದ್ದಾರೆ. 1,400ರ ಚಾಕು ಮನೆ ಸೇರುವಾಗ 3,781. ಹೆಂಡತಿಗೆ ಇವತ್ತಿನವರೆಗೂ 1,400 ಅಂತಲೇ ಗೊತ್ತಿರೋದು. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ, ನೀವು ಆರ್ಡರ್ ಹಾಕುವ ದಿನದ ದರ ಹಾಕಿ ಇದೇ ರೀತಿ ಲೆಕ್ಕ ಮಾಡಿ. ಕೊರಿಯರ್‌ನಲ್ಲಿ ಬಂದರೆ ಆಧಾರ್ ಅಥವಾ ಪ್ಯಾನ್ ಕೇಳುತ್ತಾರೆ, ಅದು ಮಾಮೂಲು.

"ಕೀಚೈನ್" ಅಂತ ಬರೆದು ಕಳಿಸುತ್ತೇನೆ ಅನ್ನುವವರೂ ಇದ್ದಾರೆ. ಎಕ್ಸ್‌ರೇಯಲ್ಲಿ ಚಾಕು ಚಾಕುವಾಗಿಯೇ ಕಾಣುತ್ತೆ. ಹಿಡಿದರೆ ಸಾಮಾನು ಹೋಯಿತು, ದುಡ್ಡು ವಾಪಸ್ ಕೇಳೋಣ ಅಂದರೆ ಬಿಲ್ಲಿನಲ್ಲಿ ಇರುವುದು ಕೀಚೈನ್.

ಪ್ರಶ್ನೆ (ಅದೇ ಬೆಂಗಳೂರಿನವರು): ಕಾನೂನಿನ ತೊಂದರೆ ಇದೆಯಾ?

ಉತ್ತರ: ನಾನು ವಕೀಲ ಅಲ್ಲ, ಅಂಗಡಿಯವನು ತಿಳಿದುಕೊಂಡಿರಬೇಕಾದಷ್ಟು ಹೇಳುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧದ ಪಟ್ಟಿಗೆ ಸೇರುತ್ತೆ, ಮನೆಬಳಕೆ, ಕೃಷಿ, ಕೈಗಾರಿಕೆಗೆಂದು ಮಾಡಿದ್ದನ್ನು ಬಿಟ್ಟು. ಎಳನೀರು ಕೊಚ್ಚುವವರ ಮಚ್ಚಿಗೆ ಯಾರೂ ಲೈಸೆನ್ಸ್ ಕೇಳದಿರುವುದು ಅದಕ್ಕೇ. ಜೇಬಿನ ಚಾಕು ಸಾಮಾನ್ಯವಾಗಿ 3-4 ಇಂಚು, ಆ ಅಳತೆ ಮುಟ್ಟುವುದಿಲ್ಲ.

ಆದರೆ ಗುಂಡಿ ಒತ್ತಿದರೆ ಚಟ್ ಅಂತ ತಾನೇ ತೆರೆಯುವ ಚಾಕು ತರಿಸಲೇಬೇಡಿ. ದೆಹಲಿಯಲ್ಲಿ 1980ರ ಅಧಿಸೂಚನೆಯ ಪ್ರಕಾರ ಅಂಥ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಕೇಸು. ನಮ್ಮಲ್ಲೂ ಕಸ್ಟಮ್ಸ್‌ನವರ ಕಣ್ಣು ಮೊದಲು ಬೀಳುವುದು ಅದರ ಮೇಲೇ. ಇನ್ನು ಊರಲ್ಲಿ ನಿಷೇಧಾಜ್ಞೆ ಇದ್ದಾಗ, ಚುನಾವಣೆ ಹೊತ್ತಿನಲ್ಲಿ, ರಾತ್ರಿ ಹನ್ನೊಂದಕ್ಕೆ ಬಾರ್ ಮುಂದೆ, ಚಾಕು ಜೇಬಲ್ಲಿ ಇಟ್ಟುಕೊಂಡು "ಸರ್ ಇದು ಮೂರೇ ಇಂಚು" ಅಂದರೆ ಪೊಲೀಸರು ಸ್ಕೇಲ್ ತರುವುದಿಲ್ಲ. ತೋಟದಲ್ಲಿ, ಟ್ರೆಕ್ಕಿಂಗ್ ಬ್ಯಾಗಲ್ಲಿ ಇಟ್ಟುಕೊಳ್ಳಿ. ಮೆಟ್ರೋಗೆ ಒಯ್ಯಬೇಡಿ. ವಿಮಾನದಲ್ಲಿ ಚೆಕ್-ಇನ್ ಲಗೇಜ್‌ನಲ್ಲಿ ಮಾತ್ರ.

ಪ್ರಶ್ನೆ (ಇಂಗ್ಲೆಂಡ್‌ನಿಂದ, ಓದಲು ಹೋಗಿರುವವರು): ಅಣ್ಣ, ಇಲ್ಲಿ ಅದೇ ಚೀನಾ ಚಾಕು 8 ಪೌಂಡ್‌ಗೆ ಸಿಗುತ್ತೆ. ಬರುವಾಗ ತರೋಣ ಅಂತ.

ಉತ್ತರ: ಅಲ್ಲಿ ನಮಗಿಂತ ಬಿಗಿ ಇದೆ, ಹುಷಾರು. ಕಾರಣ ಹೇಳದೆ ಹೊರಗೆ ಜೇಬಲ್ಲಿ ಇಟ್ಟುಕೊಳ್ಳಬಹುದಾದದ್ದು 3 ಇಂಚು ಮೀರದ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಲಾಕ್ ಇದ್ದರೆ ಎರಡೇ ಇಂಚಾದರೂ ಆ ವಿನಾಯಿತಿ ಇಲ್ಲ. ಗುಂಡಿಯ ಚಾಕು 2021ರ ಜುಲೈಯಿಂದ ಮನೆಯೊಳಗೆ ಇಟ್ಟುಕೊಂಡರೂ ಅಪರಾಧ. ಹೊರದೇಶದ ಸೆಲ್ಲರ್‌ಗೆ ಇದ್ಯಾವುದೂ ಬೇಕಾಗಿಲ್ಲ, ದುಡ್ಡು ಕೊಟ್ಟರೆ ಕಳಿಸ್ತಾನೆ, ಸಿಕ್ಕಿಬೀಳೋದು ನೀವು. ಓದು ಮುಗಿಸಿ ಬನ್ನಿ ಮಾರಾಯ್ರೆ.

ಪ್ರಶ್ನೆ (ಮಂಗಳೂರಿನಿಂದ): ಡಿ2 ಸ್ಟೀಲ್‌ದು ಒಳ್ಳೆದು ಅಂತ ಎಲ್ಲ ಹೇಳ್ತಾರಲ್ಲ? ನಾನು ತಕೊಂಡೆ, ಒಂದೇ ಮಳೆಗಾಲಕ್ಕೆ ಕಂದು ಚುಕ್ಕೆ ಬಂದಿದೆ.

ಉತ್ತರ: ಡಿ2 ಒಳ್ಳೆಯದೇ, ನಿಮ್ಮ ಊರಿಗೆ ಅಲ್ಲ. ಅದರಲ್ಲಿ ಕ್ರೋಮಿಯಂ ಶೇ. 12ರ ಹತ್ತಿರ ಇದೆ, ಆದರೆ ಇಂಗಾಲ ಶೇ. 1.5. ಆ ಇಂಗಾಲ ಕ್ರೋಮಿಯಂನ ಒಂದಷ್ಟು ಭಾಗವನ್ನು ಹಿಡಿದುಕೊಂಡುಬಿಡುತ್ತೆ, ತುಕ್ಕು ತಡೆಯುವುದಕ್ಕೆ ಸಾಕಷ್ಟು ಉಳಿಯುವುದಿಲ್ಲ. ಕಡಲ ಗಾಳಿ, ಮೀನು, ಹುಣಸೆಹುಳಿ, ಮೂರೂ ನಿಮ್ಮಲ್ಲಿವೆ. ಚುಕ್ಕೆಯನ್ನು ಹಲ್ಲಿನ ಪೇಸ್ಟ್ ಹಾಕಿ ಕಾರ್ಕಿನಿಂದ ತಿಕ್ಕಿ, ಒಣಗಿಸಿ, ಮಿಷನ್ ಎಣ್ಣೆ ಹಚ್ಚಿ, ಕೊಬ್ಬರಿ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಸಂದಿಯಲ್ಲಿ ಕೂರುತ್ತೆ. ಮುಂದಿನ ಸಲ 14ಸಿ28ಎನ್ ನೋಡಿ, ಸ್ವೀಡನ್‌ನ ಸ್ಟೀಲ್, ಚೀನಾದವರೂ ಈಗ ಹಾಕುತ್ತಾರೆ.

ಪ್ರಶ್ನೆ (ದಾವಣಗೆರೆಯಿಂದ): ಡಮಾಸ್ಕಸ್ ಚಾಕು 999 ರೂಪಾಯಿ! ಅಲೆ ಅಲೆ ಡಿಸೈನ್. ಅಸಲಿನಾ?

ಉತ್ತರ: ಈಗ ಅಸಲಿ ಡಮಾಸ್ಕಸ್ ಅಂದರೆ ಬೇರೆ ಬೇರೆ ಸ್ಟೀಲ್ ಪದರ ಪದರವಾಗಿ ಬೆಸೆದ ಅಲಗು. 999ಕ್ಕೆ ಸಿಗುವುದು ಡಿಸೈನ್ ಮಾತ್ರ. ಸಾದಾ ಅಲಗಿನ ಮೇಲೆ ಲೇಸರ್‌ನಿಂದ ಅಲೆ ಕೊರೆದಿರುತ್ತಾರೆ. ಬೆನ್ನಿನ ಕಡೆ ನೋಡಿ, ಅಸಲಿ ಪದರ ಆಗಿದ್ದರೆ ಗೆರೆಗಳು ಬೆನ್ನನ್ನೂ ದಾಟಿ ಆ ಬದಿಗೆ ಹೋಗಬೇಕು. ಒಬ್ಬರು ತಂದದ್ದಕ್ಕೆ ಅವರ ಎದುರೇ 600 ನಂಬರಿನ ಉಪ್ಪುಕಾಗದ ಹತ್ತು ಸಲ ಉಜ್ಜಿದೆ, ಅಲೆ ಎಲ್ಲ ಕಾಗದಕ್ಕೆ ಬಂತು, ಅಲಗು ಬೋಳಾಯಿತು. ಅವರ ಮುಖ ನೋಡಲಾಗಲಿಲ್ಲ. ಅಸಲಿಯಾದರೂ ಉಜ್ಜಿದರೆ ಗೆರೆ ಮಸುಕಾಗುತ್ತೆ, ಆದರೆ ಫೆರಿಕ್ ಕ್ಲೋರೈಡ್ ಅನ್ನುವ, ಲೋಹ ತಿನ್ನುವ ದ್ರಾವಣದಲ್ಲಿ ಅದ್ದಿದರೆ ಮತ್ತೆ ಏಳುತ್ತೆ.

ನನಗೆ ಇದರಲ್ಲಿ ಬೇಜಾರು ಬೇರೆ. ಹಳೇ ಡಮಾಸ್ಕಸ್ ಕತ್ತಿಗಳಿಗೆ ಉಕ್ಕು ಹೋಗುತ್ತಿದ್ದದ್ದೇ ನಮ್ಮ ದಕ್ಷಿಣ ಭಾರತದ ಕಡೆಯಿಂದ. ಇಂಗ್ಲಿಷರು ಅದಕ್ಕೆ ವೂಟ್ಸ್ ಅಂದರು. ಆ ಪದ ನಮ್ಮ "ಉಕ್ಕು" ಅನ್ನುವುದರಿಂದಲೇ ಬಂದದ್ದು ಅಂತ ತಿಳಿದವರು ಹೇಳುತ್ತಾರೆ. ಆ ಹೆಸರಲ್ಲಿ ಈಗ ಲೇಸರ್ ಗೆರೆ ತರಿಸಿಕೊಳ್ಳುತ್ತಿದ್ದೇವೆ.

ಪ್ರಶ್ನೆ (ತುಮಕೂರಿನಿಂದ): ಹಾಗಾದ್ರೆ ಯಾವುದೂ ಬೇಡ ಅಂತೀರಾ?

ಉತ್ತರ: ಹಾಗೆ ಎಲ್ಲಿ ಹೇಳಿದೆ? ಚೀನಾದ ಯಾಂಗ್‌ಜಿಯಾಂಗ್ ಊರು ಚಾಕು ಕತ್ತರಿಗೇ ಹೆಸರುವಾಸಿ, ಅಲ್ಲಿ ಕಸವೂ ತಯಾರಾಗುತ್ತೆ, ಚಿನ್ನದಂಥದ್ದೂ ತಯಾರಾಗುತ್ತೆ. ಸ್ಯಾನ್‌ರೆನ್ಮು, ಗ್ಯಾಂಜೊ, ರೂಯ್ಕೆ ಅಂತ ಹೆಸರು ಹಾಕಿ, ಸ್ಟೀಲ್ ಯಾವುದು ಅಂತ ಅಲಗಿನ ಮೇಲೆ ಕೊರೆದು ಮಾರುವವರ ಚಾಕು ನನ್ನ ಅಂಗಡಿಗೆ ಬಂದಿವೆ, ಲಾಕ್ ಗಟ್ಟಿ ಇತ್ತು, ಸಾಣೆಯೂ ಚೆನ್ನಾಗಿ ಹಿಡಿಯಿತು. ಹೆಸರೇ ಇಲ್ಲದ, ತಲೆಬುರುಡೆ ಚಿತ್ರ ಇರುವ, ಹಿಡಿಯಲ್ಲಿ ಟಾರ್ಚು, ಗಾಜು ಒಡೆಯುವ ಮೊಳೆ ಎಲ್ಲಾ ಇರುವ ಚಾಕುವಿನಲ್ಲಿ ಚಾಕು ಒಂದೇ ಸರಿ ಇರುವುದಿಲ್ಲ. ಸುಂಕ ಸೇರಿ 3,000 ದಾಟುವುದಾದರೆ ನಾನು ಇಲ್ಲೇ ಸಿಗುವ ವಿಕ್ಟೋರಿನಾಕ್ಸ್ ಅಥವಾ ಒಪಿನೆಲ್ ಕಡೆ ನೋಡುತ್ತೇನೆ. ಒಪಿನೆಲ್ 8ನೇ ನಂಬರ್, ಅಲಗು 8.5 ಸೆಂಟಿಮೀಟರ್, ಮರದ ಹಿಡಿ, ತಿರುಗಿಸುವ ಉಂಗುರದ ಲಾಕ್. ಅಷ್ಟೇ, ಬೇರೆ ಒಡವೆ ಇಲ್ಲ.

ಯಾವುದೇ ತಗೊಳ್ಳಿ, ಸೈಕಲ್ ಸಾಣೆಯವರಿಗೆ ಕೊಡುವಾಗ ಪಕ್ಕದಲ್ಲೇ ನಿಲ್ಲಿ. ಒಣ ಚಕ್ರಕ್ಕೆ ಒತ್ತಿ ಹಿಡಿದು ಅಲಗಿನ ಬಾಯಿ ನೀಲಿ ಬಣ್ಣಕ್ಕೆ ತಿರುಗಿತೋ, ಅಲ್ಲಿ ಹದ ಸತ್ತಿತು. ಆಮೇಲೆ ಎಷ್ಟು ಮಸೆದರೂ ಒಂದು ವಾರ ನಿಲ್ಲುವುದಿಲ್ಲ. ನಮ್ಮ ವೃತ್ತಿಯವರ ಬಗ್ಗೆಯೇ ಹೇಳುತ್ತಿದ್ದೇನೆ, ಬೈಯಬೇಡಿ.

ಪ್ರಶ್ನೆ (ಶಿರಸಿ, ಮೊದಲಿನವರು): ಸರ್, ಆರ್ಡರ್ ಕ್ಯಾನ್ಸಲ್ ಮಾಡಿದೆ. ಮನೆಯಲ್ಲಿ ಹಳೇ ಕಸಿ ಚಾಕು ಎರಡಿವೆ, ಯಾರೋ ಎರಡೂ ಬದಿ ಮಸೆದು ಹಾಳು ಮಾಡಿದ್ದಾರೆ. ಸರಿ ಆಗುತ್ತಾ?

ಉತ್ತರ: ಆಗುತ್ತೆ. ಚಪ್ಪಟೆ ಬದಿಯನ್ನು ಕಲ್ಲಿನ ಮೇಲೆ ಮಲಗಿಸಿ ಪೂರ್ತಿ ಸಮ ಮಾಡಬೇಕು, ಒಂದೊಂದಕ್ಕೆ ಅರ್ಧ ಗಂಟೆ ಹಿಡಿಯುತ್ತೆ. ರಟ್ಟು ಸುತ್ತಿ ಪಾರ್ಸೆಲ್ ಮಾಡಿ ಕಳಿಸಿ, ಯಾವ ಕೈಯವರು ಬಳಸುತ್ತಾರೆ ಅಂತ ಒಂದು ಚೀಟಿ ಬರೆದು ಒಳಗೆ ಇಡಿ.